ಎಲ್ಲರನ್ನೂ ಕೂರಿಸಿ ತಾವು ನಿಂತವರು

ಮೆಂಫಿಸ್‌ನ ಆರೆಂಜ್ ಮೌಂಡ್ ಬಡಾವಣೆಯಲ್ಲಿ ಭಾನುವಾರದ ಸೂರ್ಯ ತಾನಾಗಿ ಹುಟ್ಟುವುದಿಲ್ಲ. ಮಿಸ್ ವರ್ಡೆಲ್ ಪೆಟ್‌ವೇ ಹಿತ್ತಲಿಗೆ ಬಂದು, ಒಗೆದ ಕೈಗವಸುಗಳನ್ನು ತಂತಿಗೆ ಸಿಕ್ಕಿಸಿ, ಕೊನೆಯ ಕ್ಲಿಪ್ಪು ಹಾಕಿದ ಮೇಲೆಯೇ ಅವನು ಮೇಲೆ ಬರುವ ಧೈರ್ಯ ಮಾಡುತ್ತಾನೆ. ನಂಬದವರು ಒಂದು ಭಾನುವಾರ ಬೇಗ ಎದ್ದು ಬಂದು ನೋಡಬಹುದು. ಬೇಲಿಯಿಂದ ಪೀಕನ್ ಮರದವರೆಗೆ ಎಳೆದ ತಂತಿಯ ಮೇಲೆ ಬಿಳಿ ಕೈಗವಸುಗಳ ಸಾಲು. ದೊಡ್ಡವು, ಚಿಕ್ಕವು, ಏಳು ವರ್ಷದ ಮಗುವಿನ ಅಂಗೈಗಷ್ಟೇ ಸಾಲುವಂಥವು. ಗಾಳಿ ಬಂದರೆ ಅಷ್ಟೂ ಕೈಗಳು ಒಟ್ಟಿಗೆ ಬೀಸುತ್ತವೆ. ಬೀದಿಗೆ ಹೊಸಬನಾದ ಪತ್ರಿಕೆ ಹಾಕುವವನೊಬ್ಬ ತನ್ನನ್ನೇ ಕರೆಯುತ್ತಿದ್ದಾರೆಂದು ತಿಳಿದು ಗೇಟು ತೆಗೆದು ಒಳಗೆ ಬಂದು, ಕಾಫಿ ಕುಡಿದು ಹೋಗಿದ್ದಾನೆ. ಆ ಬಿಳುಪಿನ ಮುಂದೆ ಬೆಳ್ಳಕ್ಕಿಯೂ ಮಾಸಲು. ವಿಮಾನ ಇಳಿಸುವ ಪೈಲಟ್‌ಗಳು ಆರೆಂಜ್ ಮೌಂಡ್ ಮೇಲೆ ಬಂದಾಗ ಕಣ್ಣು ಕಿರಿದು ಮಾಡುತ್ತಾರೆಂಬುದು ಬೀದಿಯ ಮಾತು; ಬೀದಿ ಸುಳ್ಳು ಹೇಳುವುದು ಕಡಿಮೆ.

ಈ ಭಾನುವಾರವೂ ಅವರು ತಂತಿಯ ಉದ್ದಕ್ಕೂ ನಡೆದು ಒಂದೊಂದನ್ನೂ ಮುಟ್ಟಿ ನೋಡುತ್ತಾರೆ. ಕಣ್ಣಿನಿಂದಲ್ಲ, ಬೆರಳಿನಿಂದ. ಹೆಬ್ಬೆರಳಿನ ಹೊಲಿಗೆ ಬಿಟ್ಟಿದ್ದರೆ ಅಲ್ಲೇ ನಿಂತು, ಅಂಗಿಯ ಕಾಲರಿಗೆ ಚುಚ್ಚಿಕೊಂಡ ಸೂಜಿ ತೆಗೆದು ಎರಡು ಹೊಲಿಗೆ ಹಾಕುತ್ತಾರೆ. ಜುಲೈ ಬಿಸಿಲಿಗೆ ಒಂಬತ್ತಕ್ಕೆಲ್ಲ ಎಲ್ಲವೂ ಹಪ್ಪಳದ ಹಾಗೆ ಗರಿಗರಿ. ಒಂದು ಜೊತೆ ಮಾತ್ರ ಇವತ್ತು ತಂತಿಯ ಮೇಲಿಲ್ಲ. ಅದು ಅಡುಗೆಮನೆಯ ಮೇಜಿನ ಮೇಲೆ, ಮಡಿಸಿಟ್ಟ ಹಾಗೆಯೇ ಇದೆ. ಅದು ಅವರದೇ.

ಸೀಡರ್ ಬ್ರಾಂಚ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ತಿಂಗಳಲ್ಲಿ ಐದು ಭಾನುವಾರ ಬಂದರೆ ಐದನೆಯದು ಮಕ್ಕಳದು. ಹಾಡುವುದು, ಓದುವುದು, ಬಾಗಿಲು ಕಾಯುವುದು, ಬಂದವರನ್ನು ಕರೆದು ಕೂರಿಸುವುದು ಎಲ್ಲವೂ ಹುಡುಗ ಹುಡುಗಿಯರ ಕೈಯಲ್ಲಿ. ಬಿಳಿ ಕೈಗವಸು ತೊಟ್ಟು ಬಾಗಿಲಸೇವೆ ಮಾಡುವ ಆ ಮಕ್ಕಳ ದಂಡನ್ನು ಕಟ್ಟಿ ನಿಲ್ಲಿಸಿದವರು ಮಿಸ್ ವರ್ಡೆಲ್. ಇವತ್ತು ಅವರು ದಂಡನ್ನು ಇನ್ನೊಬ್ಬರ ಕೈಗೆ ಕೊಡುವ ದಿನ. ಕೊಟ್ಟರೆ ಹಿಡಿಯುವ ಕೈ ಗಟ್ಟಿಯೋ ಅಲ್ಲವೋ ಎಂದು ಚರ್ಚಿನ ಹಿರಿಯರು ಕಣ್ಣಲ್ಲಿ ಕಣ್ಣಿಟ್ಟು ನೋಡಲಿದ್ದಾರೆ. ಗಟ್ಟಿಯಲ್ಲ ಎನಿಸಿದರೆ ಮಕ್ಕಳ ದಂಡನ್ನು ದೊಡ್ಡವರ ದಂಡಿಗೆ ಸೇರಿಸಿಬಿಡುತ್ತಾರೆ. ಅಲ್ಲಿಗೆ ಶನಿವಾರದ ತಾಲೀಮಿಲ್ಲ, ಏಳು ವರ್ಷದ ಅಂಗೈಗೆ ಕೈಗವಸಿಲ್ಲ.

ವಾರದ ಉಳಿದ ದಿನಗಳಲ್ಲಿ ಇದೇ ಕೈಗಳು ಊರಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆ ಮಡಿಸುತ್ತವೆ. ಕತ್ತಲು ಹರಿಯುವ ಮೊದಲೇ ಪಾಳಿ ಶುರು. ಇವರು ಇದುವರೆಗೆ ಮಡಿಸಿದ ಹೊದಿಕೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನನ್ನು ಮುಟ್ಟಿ, ಅಲ್ಲಿ ಸ್ವಲ್ಪ ಸುಧಾರಿಸಿಕೊಂಡು, ಮುಂದಕ್ಕೂ ಹೋಗಬಹುದು. ವಯಸ್ಸು ಎಪ್ಪತ್ತು ದಾಟಿದೆ. ನಿವೃತ್ತಿ ಇವರನ್ನು ಹುಡುಕಿಕೊಂಡು ಒಂದೆರಡು ಸಲ ನೆಲಮಾಳಿಗೆಗೆ ಬಂದದ್ದುಂಟು; ಆ ಆವಿಯಲ್ಲಿ ದಾರಿ ತಪ್ಪಿ ವಾಪಸು ಹೋಯಿತು.

“ಬಿಸಿ ಬಟ್ಟೆ ಅಂದ್ರೆ ನಂಗಿಷ್ಟ” ಎನ್ನುತ್ತಾರೆ ಮಿಸ್ ವರ್ಡೆಲ್. “ಯಾರೋ ಕಾಯಿಲೆಯವರು ಮಲಗ್ತಾರೆ ಅದರ ಮೇಲೆ. ಮಡಿಸೋವಾಗ ಸಮ ಮಾಡಿ ಮಡಿಸಿದ್ರೆ ಬೆನ್ನಿಗೆ ಒತ್ತಲ್ಲ. ಅವರಿಗೆ ನಾನ್ಯಾರು ಅಂತ ಗೊತ್ತಿಲ್ಲ, ನಂಗೆ ಅವರ್ಯಾರು ಅಂತ ಗೊತ್ತಿಲ್ಲ. ಆದ್ರೂ ಬೆನ್ನು ಬೆನ್ನೇ ತಾನೆ.”

ಅವರು ಈ ಊರಿಗೆ ಬಂದದ್ದು ಹನ್ನೊಂದರ ವಯಸ್ಸಿನಲ್ಲಿ, ಮಿಸಿಸಿಪ್ಪಿಯ ಹತ್ತಿಹೊಲಗಳ ಕಡೆಯಿಂದ. ತಾಯಿ ತೀರಿಕೊಂಡಿದ್ದರು, ಚಿಕ್ಕಮ್ಮ ಕರೆದುಕೊಂಡು ಬಂದಿದ್ದರು. ಮೊದಲ ಭಾನುವಾರ ಚರ್ಚಿಗೆ ಕರೆತಂದರೆ ಹುಡುಗಿ ಒಳಗೆ ಕಾಲಿಡಲಿಲ್ಲ. ಅಷ್ಟು ಜನ, ಅಷ್ಟು ಟೋಪಿ, ಅಷ್ಟು ದನಿ. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಗ ಬಾಗಿಲಿನಲ್ಲಿದ್ದ ಒಝೆಲಾ ಸ್ಟೋವಾಲ್ ಎಂಬ ಎತ್ತರದ ಹೆಂಗಸು ಹೊರಗೆ ಬಂದು, ಏನೂ ಕೇಳದೆ, ತನ್ನ ಬಲಗೈಯ ಕೈಗವಸು ಕಳಚಿ ಹುಡುಗಿಯ ಕೈಗೆ ತೊಡಿಸಿದರು. ಒಳಗೆ ಬರಲು ಭಯವಾದರೆ ಬಾಗಿಲು ಹಿಡಿದುಕೋ, ಬಾಗಿಲು ಹಿಡಿದವಳಿಗೆ ಯಾರ ಭಯ ಎಂದರಂತೆ. ಕೈಗವಸು ಮೊಣಕೈವರೆಗೆ ಬಂತು. ಹುಡುಗಿ ಎದ್ದು ಬಾಗಿಲು ಹಿಡಿದಳು. ಹಿಡಿದದ್ದನ್ನು ಇಲ್ಲಿಯವರೆಗೆ ಬಿಟ್ಟಿಲ್ಲ. ಆ ಚರ್ಚಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಿಸ್ ವರ್ಡೆಲ್ ಕೂತದ್ದನ್ನು ಕಂಡವರು ಯಾರೂ ಬದುಕಿಲ್ಲ, ಏಕೆಂದರೆ ಅವರು ಕೂತೇ ಇಲ್ಲ.

“ನಮ್ಮಮ್ಮ ಬಿಳಿಯರ ಮನೇಲಿ ಅಡುಗೆ ಮಾಡ್ತಿದ್ಳು” ಎನ್ನುತ್ತಾರೆ ಮಿಸ್ ವರ್ಡೆಲ್. “ಎಷ್ಟು ವರ್ಷ ಅಂದ್ರೆ, ಆ ಮನೆ ಮಕ್ಕಳೆಲ್ಲ ಅವಳ ಕೈತುತ್ತಲ್ಲೇ ಬೆಳೆದಿದ್ದು. ಆ ಮನೆ ಮುಂಬಾಗಿಲಿನ ಹಿಡಿ ಹಿತ್ತಾಳೇದೋ ಕಬ್ಬಿಣದ್ದೋ ಅಂತ ಸಾಯೋವರೆಗೂ ಅವಳಿಗೆ ಗೊತ್ತಾಗ್ಲಿಲ್ಲ. ಹಿಂಬಾಗಿಲಲ್ಲಿ ಹೋಗೋದು, ಹಿಂಬಾಗಿಲಲ್ಲಿ ಬರೋದು. ಈಗ ಕಾಲ ಬದಲಾಯ್ತು ಅಂತಾರೆ. ಆದ್ರೂ ನಮ್ಮ ಹುಡುಗ್ರು ಒಂದು ಅಂಗಡಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ್ರೆ, ಏನಪ್ಪ ಕೆಲಸ ಇಲ್ಲಿ ಅಂತ ಒಬ್ಬ ಬಂದೇ ಬರ್ತಾನೆ. ನಮ್ಮ ಬಾಗಿಲಲ್ಲಿ ಹಂಗಲ್ಲ. ಇಲ್ಲಿ ಆ ಹುಡುಗ್ರನ್ನ ಕೇಳ್ದೆ ಮೇಯರ್ ಬಂದ್ರೂ ಒಳಕ್ಕೆ ಕಾಲಿಡಂಗಿಲ್ಲ.”

ಇದು ಬರೀ ಮಾತಲ್ಲ. ಪ್ರಾರ್ಥನೆ ನಡೆಯುವಾಗ ಬಾಗಿಲು ಮುಚ್ಚಿದರೆ ಮುಚ್ಚಿತು. ಒಮ್ಮೆ ದೊಡ್ಡ ಪಾದ್ರಿಯೊಬ್ಬರು ನ್ಯಾಶ್ವಿಲ್‌ನಿಂದ ತಡವಾಗಿ ಬಂದಾಗ, ಒಂಬತ್ತು ವರ್ಷದ ಹುಡುಗನೊಬ್ಬ ಬಿಳಿ ಅಂಗೈ ಅಡ್ಡ ಹಿಡಿದು ನಿಲ್ಲಿಸಿದ. ಪಾದ್ರಿ ತನಗಾಗಿ ನಡೆಯುತ್ತಿದ್ದ ಪ್ರಾರ್ಥನೆಯನ್ನೇ ಹೊರಗೆ ನಿಂತು ಕೇಳಬೇಕಾಯಿತು. ಆಮೇಲೆ ಅವರು ಆ ಹುಡುಗನಿಗೆ ಸೆಲ್ಯೂಟ್ ಹೊಡೆದರೆಂದು ಹೇಳುವವರಿದ್ದಾರೆ. ಕಾಲಿಗೆ ಬಿದ್ದರೆಂದು ಹೇಳುವವರೂ ಇದ್ದಾರೆ.

ದಂಡಿಗೆ ಮಾತಿಲ್ಲ. ಎಲ್ಲವೂ ಕೈಸನ್ನೆಯಲ್ಲೇ. ಬೆಂಚುಗಳ ಹಿಂದೆ, ಜನ ಒಳಬರುವ ಬಾಗಿಲಲ್ಲಿ ನಿಂತ ನಾಯಕಿ ಬೆರಳೆತ್ತಿ ತೋರಿಸಿದರೆ, ಪೀಠದ ಬಳಿ ನಿಂತವರಿಗೆ ಎಷ್ಟು ಜನ ಬರುತ್ತಿದ್ದಾರೆ, ಯಾವ ಕಡೆಗೆ ಎಂದು ತಿಳಿಯುತ್ತದೆ. ಎಡಗೈ ಬೆನ್ನ ಹಿಂದೆ, ಬಲಗೈ ಎದೆಯ ಮೇಲೆ ಬಂದರೆ ಸಿದ್ಧ ಎಂದರ್ಥ. ಸನ್ನೆ ಬಂದ ಮೇಲೆ ಯಾಕೆ ಎಂದು ಕೇಳುವಂತಿಲ್ಲ, ಆಗಲ್ಲ ಎನ್ನುವಂತಿಲ್ಲ. ಅದು ದಂಡಿನ ಮೊದಲ ಕಟ್ಟಳೆ. ಎರಡನೆಯದು ನಾಯಕರಿಗೆ: ಎಲ್ಲರೂ ಕೂತ ಮೇಲೆ ಜಾಗ ಉಳಿದರೆ ನೀನು ಕೂರು, ಚರ್ಚಿನ ಊಟದಲ್ಲಿ ಎಲ್ಲರೂ ಉಂಡ ಮೇಲೆ ಮೀನು ಉಳಿದರೆ ನೀನು ತಿನ್ನು.

ಹೊಸದಾಗಿ ಬಂದ ಮಗುವಿಗೆ ಮಿಸ್ ವರ್ಡೆಲ್ ಸನ್ನೆ ಕಲಿಸುವುದಿಲ್ಲ. ಮೊದಲು ಮುಖ ನೋಡಲು ನಿಲ್ಲಿಸುತ್ತಾರೆ. ಒಳಗೆ ಬರುವವರಲ್ಲಿ ಯಾರು ಅತ್ತು ಬಂದಿದ್ದಾರೆ, ಯಾರು ಗಂಡನ ಜೊತೆ ಜಗಳ ಆಡಿ ಬಂದಿದ್ದಾರೆ, ಯಾರ ಬೂಟು ಕಚ್ಚುತ್ತಿದೆ, ಯಾರಿಗೆ ಒಬ್ಬರೇ ಕೂರಬೇಕಾಗಿದೆ, ಯಾರನ್ನು ಒಬ್ಬರೇ ಕೂರಲು ಬಿಡಬಾರದು. ಇದನ್ನು ಓದಲು ಬಂದ ಮೇಲೆ ಸನ್ನೆ ಕಲಿಯಲು ಒಂದು ಮಧ್ಯಾಹ್ನ ಸಾಕಂತೆ. ಬಾಯಿ ನಿಲ್ಲದ ಮಕ್ಕಳಿಗೆ ಒಂದು ಪೆಪ್ಪರ್‌ಮಿಂಟ್. ಅದು ನಾಲಿಗೆಯ ಮೇಲೆ ತಾನಾಗಿ ಕರಗುವವರೆಗೆ ತುಟಿ ತೆರೆಯುವಂತಿಲ್ಲ, ಕಡಿಯುವಂತಿಲ್ಲ.

ಶನಿವಾರದ ತಾಲೀಮನ್ನು ನೋಡಲು ಟಿಕೆಟ್ ಇಟ್ಟರೆ ಬೀಲ್ ಸ್ಟ್ರೀಟಿನ ಹಾಡುಗಾರರೆಲ್ಲ ಅಂಗಡಿ ಮುಚ್ಚಬೇಕಾಗುತ್ತದೆ. ಚರ್ಚಿನ ಊಟದ ಹಾಲಿನಲ್ಲಿ ಖಾಲಿ ಕುರ್ಚಿಗಳ ಸಾಲು. ಹಠಮಾರಿ ಅತಿಥಿಯ ಪಾತ್ರ ಡೀಕನ್ ಲೂಶಸ್ ಟೇಟ್ ಅವರದು. ಚರ್ಚಿನ ಹಿರಿಯರಲ್ಲೇ ಹಿರಿಯ, ಕೆಮ್ಮಿದರೆ ಮಿಸಿಸಿಪ್ಪಿ ನದಿ ಒಂದು ಗಳಿಗೆ ನಿಂತು ಹರಿಯುತ್ತದೆ. ಅಂಥವರು ಹೆಂಡತಿಯ ಗರಿಟೋಪಿ ಹಾಕಿಕೊಂಡು, ಕೈಚೀಲ ನೇತುಹಾಕಿಕೊಂಡು, ಮುಂದಿನ ಸಾಲಲ್ಲೇ ಕೂರಿಸಬೇಕೆಂದು ರಚ್ಚೆ ಹಿಡಿಯುತ್ತಾರೆ. ಕೂರಿಸಿದರೆ ಫ್ಯಾನ್ ಗಾಳಿ ಹೆಚ್ಚಾಯಿತೆನ್ನುತ್ತಾರೆ. ಎಬ್ಬಿಸಿದರೆ ಮೂರ್ಛೆ ಬೀಳುತ್ತಾರೆ. ಮಕ್ಕಳು ನಗದೆ, ಮಾತಾಡದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವರನ್ನು ನಿಭಾಯಿಸಬೇಕು.

ಹೀಗೆ ನಿಭಾಯಿಸಿ ಬೆಳೆದವರು ಈಗ ಊರು ತುಂಬ ಇದ್ದಾರೆ. ಬಾಲವಾಡಿಯ ಮೇಷ್ಟ್ರು, ದಾದಿಯರ ಮೇಲ್ವಿಚಾರಕಿ, ಶವಸಂಸ್ಕಾರದ ಏರ್ಪಾಟು ಮಾಡುವವನು, ಬಸ್ಸು ಓಡಿಸುವವರಿಗಂತೂ ಲೆಕ್ಕವೇ ಇಲ್ಲ. ಮೆಂಫಿಸ್‌ನಲ್ಲಿ ಯಾವುದೇ ಕಚೇರಿಗೆ ಹೋಗಿ, ಎಡಗೈ ಬೆನ್ನ ಹಿಂದೆ ಇಟ್ಟು ನೆಟ್ಟಗೆ ನಿಂತವರೊಬ್ಬರು ಕಂಡರೆ, ಅವರು ಮಿಸ್ ವರ್ಡೆಲ್ ಅವರ ಮಕ್ಕಳೇ. ಅಗ್ನಿಶಾಮಕ ದಳದ ಕ್ಯಾಪ್ಟನ್ ಥರ್ಲೋ ಬೀಸ್ಲಿ ಅವರಲ್ಲೊಬ್ಬ. ಒಮ್ಮೆ ಹೊಗೆ ತುಂಬಿದ ಕಟ್ಟಡದಲ್ಲಿ ಯಾರ ಮಾತೂ ಯಾರಿಗೂ ಕೇಳದಾದಾಗ ಅವನು ತನ್ನ ಹುಡುಗರನ್ನು ಬಾಗಿಲಸೇವೆಯ ಸನ್ನೆಯಲ್ಲೇ ಹೊರತಂದನಂತೆ.

“ಯಾರೋ ಕೇಳಿದ್ರು, ಕ್ಯಾಪ್ಟನ್ ಆಗೋದು ಎಲ್ಲಿ ಕಲಿತೆ ಅಂತ” ಎನ್ನುತ್ತಾನೆ ಥರ್ಲೋ. “ಏಳನೇ ವಯಸ್ಸಲ್ಲಿ, ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಕೊಂಡು ಅಂದೆ. ನಗಾಡಿದ್ರು. ನಾನೇನು ತಮಾಷೆಗೆ ಹೇಳಿದ್ದಲ್ಲ.”

ಇಷ್ಟೆಲ್ಲ ಇದ್ದರೂ ಮಿಸ್ ವರ್ಡೆಲ್ ಒಂದು ವರ್ಷದಿಂದ ಒಂದು ಸಂಗತಿಯನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದರು. ಕಣ್ಣು ಹೋಗುತ್ತಿತ್ತು. ಗ್ಲಾಕೋಮಾ ಎಂದಿದ್ದರು ವೈದ್ಯರು. ಬಾಗಿಲಿನಿಂದ ಪೀಠದತ್ತ ನೋಡಿದರೆ ಮಕ್ಕಳು ಬೆಳ್ಳಗಿನ ಚುಕ್ಕೆಗಳ ಹಾಗೆ ಕಾಣುತ್ತಿದ್ದರು. ಬಂದವರನ್ನು ಬೂಟಿನ ಸಪ್ಪಳದಿಂದ ಗುರುತು ಹಿಡಿಯುತ್ತಿದ್ದರು; ಆ ವಿದ್ಯೆಯಲ್ಲಿ ಅವರದು ಎತ್ತಿದ ಕೈ. ಬೀದಿಯ ಬೆಕ್ಕುಗಳನ್ನೂ ಹೆಜ್ಜೆಯಿಂದಲೇ ಗುರುತಿಸಬಲ್ಲರು. ಹೇಳಿಕೊಂಡರೆ ಹಿರಿಯರು ದಂಡನ್ನು ಮುಚ್ಚುತ್ತಾರೆಂಬ ಭಯ. ಬೆಳೆದ ಮಕ್ಕಳಿಗೆಲ್ಲ ಸಂಸಾರ, ಪಾಳಿ, ಪುರುಸೊತ್ತಿಲ್ಲ. ದಂಡಿನೊಳಗೆ ಉಳಿದವರಲ್ಲಿ ದೊಡ್ಡವಳೆಂದರೆ ಕೆಟುರಾ ಬಾಯ್ಕಿನ್ ಒಬ್ಬಳೇ.

ಕೆಟುರಾಗೆ ಹತ್ತೊಂಬತ್ತು. ಬೆಳಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಟೈರ್ ಅಂಗಡಿಯ ಕೌಂಟರು. ಕಾರೇ ಇಲ್ಲದವನಿಗೆ ನಾಲ್ಕು ಟೈರು ಮಾರಿ, ಐದನೆಯದನ್ನು ಸ್ಟೆಪ್ನಿಗೆಂದು ಕೊಟ್ಟು ಕಳಿಸಿದ ಬಾಯಿ ಅವಳದು. ಬೇರೆ ಮಕ್ಕಳಿಗೆ ಒಂದು ಪೆಪ್ಪರ್‌ಮಿಂಟ್ ಸಾಕಾದರೆ ಇವಳಿಗೆ ಡಬ್ಬಿಯೇ ಸಾಲದು. ಪ್ರಾರ್ಥನೆಯ ನಟ್ಟನಡುವೆ ಕಟುಂ ಎಂದು ಸದ್ದಾದರೆ, ಕೆಟುರಾ ಕಡಿದಳು ಎಂದು ಇಡೀ ಚರ್ಚಿಗೆ ಗೊತ್ತು. ತಾಲೀಮಿನಲ್ಲಿ ಗರಿಟೋಪಿಯ ಡೀಕನ್ ಟೇಟ್ ಮೂರನೇ ಸಲ ಮೂರ್ಛೆ ಬಿದ್ದಾಗ, ಹಂಗೇ ಮಲಗಿರಿ, ಊಟಕ್ಕೆ ಎಬ್ಬಿಸ್ತೀವಿ ಎಂದವಳೂ ಇವಳೇ.

ಮಿಸ್ ವರ್ಡೆಲ್ ತಮ್ಮ ಜಾಗಕ್ಕೆ ಅವಳ ಹೆಸರನ್ನು ಮನಸ್ಸಿನಲ್ಲಿ ಕೂಡ ಬರೆದುಕೊಂಡಿರಲಿಲ್ಲ. ಬರೆಸಿದ್ದು ಏಪ್ರಿಲ್‌ನ ಐದನೇ ಭಾನುವಾರ.

ಅದಕ್ಕೆ ಹತ್ತು ದಿನ ಮುಂಚೆ, ಚರ್ಚಿನವರೆಲ್ಲ ಗೌರವದಿಂದ ಮದರ್ ಎನ್ನುತ್ತಿದ್ದ ಒಝೆಲಾ ಸ್ಟೋವಾಲ್ ತೀರಿಕೊಂಡಿದ್ದರು. ತೊಂಬತ್ತು ದಾಟಿದ್ದರೂ ಎತ್ತರ ಒಂದಂಗುಲ ಇಳಿದಿರಲಿಲ್ಲ. ಬಲಗಡೆಯ ಮೂರನೇ ಬೆಂಚು ಅವರದು. ಹಿರಿಯರು ಹೋದರೆ ಅವರ ಬೆಂಚಿಗೆ ಕಪ್ಪು ಬಟ್ಟೆ ಹೊದಿಸಿ ಒಂದು ತಿಂಗಳು ಯಾರನ್ನೂ ಕೂರಿಸದಿರುವುದು ಚರ್ಚಿನ ವಾಡಿಕೆ. ಆ ದಿನ ಜನ ಎಷ್ಟಿತ್ತೆಂದರೆ ಉಸಿರನ್ನೂ ಸರದಿಯ ಮೇಲೆ ಬಿಡಬೇಕಿತ್ತು. ಹಾಡು ಮುಗಿಯುವ ಹೊತ್ತಿಗೆ ಪರವೂರಿನ ನಾಲ್ಕು ಜನ ಬಾಗಿಲಿಗೆ ಬಂದರು. ಮಿಸ್ ವರ್ಡೆಲ್ ಬಲಗಡೆ ಕಣ್ಣಾಡಿಸಿದರು. ದೂರದಲ್ಲಿ ತೆರಪು ಕಂಡಿತು. ಕಪ್ಪು ಬಟ್ಟೆ ಕಪ್ಪು ಮರದೊಳಗೆ ಬೆರೆತುಹೋಗಿತ್ತು. ಕಣ್ಣು ಸಾಲು ತಪ್ಪಿ ಎಣಿಸಿತು. ಅದು ಆರನೇ ಬೆಂಚೆಂದುಕೊಂಡು ಅವರು ನಾಲ್ಕು ಬೆರಳೆತ್ತಿ ಬಲಕ್ಕೆ ಎಂದು ತೋರಿಸಿದರು. ನಾಲ್ವರೂ ನಡೆದರು.

ಪೀಠದ ಬಳಿ ನಿಂತಿದ್ದವಳು ಕೆಟುರಾ. ಅವಳಿಗೆ ಎಲ್ಲವೂ ಕಂಡಿತು. ಬಲಗಡೆ ಖಾಲಿ ಇದ್ದದ್ದು ಆ ಒಂದೇ ಬೆಂಚು. ಅದರ ಹಿಂದಿನ ಸಾಲಲ್ಲೇ ಮದರ್ ಒಝೆಲಾ ಅವರ ಮಕ್ಕಳು ಮೊಮ್ಮಕ್ಕಳು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಸನ್ನೆ ಪಾಲಿಸಿದರೆ ಸತ್ತವರ ಜಾಗದಲ್ಲಿ ಅಪರಿಚಿತರು, ಅದೂ ಮಿಸ್ ವರ್ಡೆಲ್‌ಗೆ ಮೊದಲ ಕೈಗವಸು ತೊಡಿಸಿದವರ ಜಾಗದಲ್ಲಿ. ಪಾಲಿಸದಿದ್ದರೆ ಇಡೀ ಚರ್ಚಿನ ಮುಂದೆ ಮಿಸ್ ವರ್ಡೆಲ್ ತಪ್ಪಿದರೆಂದು ಸಾರಿದ ಹಾಗೆ. ನಾಲ್ವರು ಹತ್ತಿರ ಬರುತ್ತಲೇ ಇದ್ದರು. ಆ ಹಾದಿ ಅವತ್ತು ಮೆಂಫಿಸ್‌ನಿಂದ ಅಟ್ಲಾಂಟಾವರೆಗಿನಷ್ಟು ಉದ್ದವಾಯಿತೆಂದು ಕಂಡವರು ಆಣೆ ಮಾಡುತ್ತಾರೆ.

ಕೆಟುರಾ ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು, ಬಲಗೈಯ ಎರಡು ಬೆರಳು ಎತ್ತಿದಳು. ಬಲಗಡೆ ಎರಡನೇ ಬೆಂಚಿನಲ್ಲಿ ಸರದಿ ಕಾಯುತ್ತ ಕೂತಿದ್ದ ಅವಳ ದಂಡಿನ ಮಕ್ಕಳೆಲ್ಲ ಒಂದೇ ಸಲಕ್ಕೆ ಎದ್ದರು. ಸದ್ದಿಲ್ಲದೆ ಗೋಡೆಯ ಪಕ್ಕಕ್ಕೆ ಹೋಗಿ, ಸಾಲಾಗಿ, ಬಲಗೈ ಎದೆಯ ಮೇಲಿಟ್ಟು ನಿಂತರು. ಮದರ್ ಒಝೆಲಾ ಅವರಿಗೆ ಗೌರವ ಸಲ್ಲಿಸಲು ಮೊದಲೇ ಗೊತ್ತು ಮಾಡಿಕೊಂಡಂತಿತ್ತು. ಸತ್ತವರ ಮಗಳು ಬಿಕ್ಕಿದಳು. ಪಾದ್ರಿ ಆಮೆನ್ ಎಂದರು. ಪರವೂರಿನ ನಾಲ್ವರು ಮಕ್ಕಳ ಬೆಂಚಿನಲ್ಲಿ ಸುಖವಾಗಿ ಕೂತರು. ಜಾಗ ಬಿಟ್ಟುಕೊಟ್ಟ ಮಕ್ಕಳು ಕೊನೆಯವರೆಗೂ ನಿಂತೇ ಇದ್ದರು, ಒಬ್ಬರೂ ಕಾಲು ಬದಲಿಸಲಿಲ್ಲ.

ಬಾಗಿಲಲ್ಲಿದ್ದ ಮಿಸ್ ವರ್ಡೆಲ್‌ಗೆ ಕಂಡದ್ದಿಷ್ಟೇ: ಬೆಳ್ಳಗಿನದೇನೋ ಒಟ್ಟಿಗೆ ಎದ್ದು ಗೋಡೆಗೆ ಹೋಗಿ ಕೂತ ಹಾಗೆ, ಪಾರಿವಾಳದ ಹಿಂಡಿನ ಹಾಗೆ. ತಾನು ಕೊಟ್ಟ ಸನ್ನೆ ಅದಲ್ಲವೆಂದು ಮಾತ್ರ ಗೊತ್ತಾಯಿತು. ಮೊದಲ ಕಟ್ಟಳೆ ಮುರಿದಿತ್ತು. ಜನವೆಲ್ಲ ಊಟದ ಹಾಲಿಗೆ ಹೋದ ಮೇಲೆ ಅವರು ಕೆಟುರಾಳನ್ನು ನಿಲ್ಲಿಸಿಕೊಂಡರು.

“ನಾನೇನು ತೋರಿಸ್ದೆ, ನೀನೇನು ಮಾಡ್ದೆ?”

“ನೀವು ಏಳಿ ಅಂದ್ರಿ, ನಾವು ಎದ್ವಿ, ಮ್ಯಾಮ್.”

“ಸುಳ್ಳು ಹೇಳ್ಬೇಡ ಮಗಳೇ.”

ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಕೆಟುರಾ ಅವತ್ತು ತಾನಾಗಿಯೇ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಂಡು, ನೆಟ್ಟಗೆ ನಿಂತುಬಿಟ್ಟಳು. ಮಿಸ್ ವರ್ಡೆಲ್ ಅವಳನ್ನು ದಾಟಿ ಬಲಗಡೆಯ ಬೆಂಚುಗಳ ಅಂಚನ್ನು ಒಂದೊಂದಾಗಿ ಮುಟ್ಟುತ್ತ ನಡೆದರು. ಮರ, ಮರ, ಮರ. ಆಮೇಲೆ ಬೆರಳಿಗೆ ನುಣ್ಣನೆಯ ಬಟ್ಟೆ ಸಿಕ್ಕಿತು. ಅದರ ಮುಂದೆ ಉಳಿದ ಬೆಂಚುಗಳನ್ನು ಅವರು ಮುಟ್ಟಿ ಎಣಿಸಿದರು, ಎರಡೇ. ಹಿಂದಿನಿಂದ ಪೆಪ್ಪರ್‌ಮಿಂಟ್ ಕಡಿದ ಸದ್ದು ಕೊನೆಗೂ ಬರಲಿಲ್ಲ.

ಮರುದಿನವೇ ಅವರು ಹಿರಿಯರಿಗೆ ಕಣ್ಣಿನ ವಿಷಯ ಹೇಳಿದರು, ಜೊತೆಗೆ ಕೆಟುರಾಳ ಹೆಸರನ್ನೂ. ಡೀಕನ್ ಟೇಟ್ ಕೆಮ್ಮಿದರು. ನದಿ ನಿಂತಿತು.

“ವರ್ಡೆಲ್, ಆ ಹುಡುಗಿ ನಿದ್ದೇಲೂ ಮಾತಾಡ್ತಾಳೆ. ಮಾತಿಲ್ಲದ ಕೆಲಸಕ್ಕೆ ರೇಡಿಯೋ ತಂದು ಇಡ್ತೀಯಾ?”

ರೇಡಿಯೋಗೆ ತಾನು ಯಾವಾಗ ಆಫ್ ಆಗಬೇಕೆಂದು ಗೊತ್ತಾಗಿದೆ ಎಂದಷ್ಟೇ ಹೇಳಿದರು ಮಿಸ್ ವರ್ಡೆಲ್. ಬೆಂಚಿನ ಸಂಗತಿ ಹೇಳಿದರೆ ಡೀಕನ್ ಒಪ್ಪಿಬಿಡುತ್ತಿದ್ದರೇನೋ. ಆದರೆ ಹುಡುಗಿ ಮುಚ್ಚಿಟ್ಟದ್ದನ್ನು ತಾವೇ ಬಿಚ್ಚುವುದು ಅವರಿಗೆ ಸರಿ ಕಾಣಲಿಲ್ಲ. ವಾದ ಬೆಳೆದು, ಕೊನೆಗೆ ಒಂದು ಒಪ್ಪಂದವಾಯಿತು. ಜುಲೈನ ಐದನೇ ಭಾನುವಾರ ಕೆಟುರಾ ಒಬ್ಬಳೇ ಬಾಗಿಲು ನಡೆಸಲಿ, ಮಿಸ್ ವರ್ಡೆಲ್ ಅತಿಥಿಯ ಹಾಗೆ ಬರಲಿ, ಅವರನ್ನು ಮುಂದಿನ ಸಾಲಿನಲ್ಲಿ ಹೂವಿಟ್ಟು ಕೂರಿಸಿ ಸನ್ಮಾನಿಸೋಣ. ಎಲ್ಲ ಸರಿಹೋದರೆ ದಂಡು ಉಳಿಯುತ್ತದೆ.

ಆ ಭಾನುವಾರವೇ ಇದು. ಹತ್ತೂವರೆಯ ಹೊತ್ತಿಗೆ ಮಿಸ್ ವರ್ಡೆಲ್ ಕೈಗವಸಿಲ್ಲದ ಬರಿಗೈಯಲ್ಲಿ ಚರ್ಚಿನ ಮೆಟ್ಟಿಲು ಹತ್ತುತ್ತಾರೆ. ಬರಿಗೈಯಲ್ಲಿ ಅಲ್ಲಿಗೆ ಬಂದದ್ದು ಹನ್ನೊಂದರ ವಯಸ್ಸಿನ ನಂತರ ಇದೇ ಮೊದಲು. ಕೈ ಎಲ್ಲಿಡುವುದೆಂದು ತಿಳಿಯದೆ ಕೈಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತಾರೆ. ಒಳಗೆ ಥರ್ಲೋ ಬೀಸ್ಲಿ ಸಮವಸ್ತ್ರದಲ್ಲಿ, ದಾದಿಯರು, ಬಸ್ಸಿನವರು, ಬೆಳೆದ ಮಕ್ಕಳೆಲ್ಲ ಪಾಳಿ ಬಿಟ್ಟು ಬಂದಿದ್ದಾರೆ. ಮೆಂಫಿಸ್‌ನಲ್ಲಿ ಇವತ್ತು ಬೆಂಕಿ ಬೀಳದಿದ್ದುದು, ಯಾರೂ ಬಸ್ಸಿಗೆ ಕಾಯದಿದ್ದುದು ದೇವರ ದಯೆ. ಮುಂದಿನ ಸಾಲಿನಲ್ಲಿ ಹೂವಿನ ರಾಶಿ. ಪಕ್ಕದಲ್ಲಿ ಡೀಕನ್ ಟೇಟ್, ಕೆಮ್ಮಲು ಸಿದ್ಧವಾಗಿ.

ಬಾಗಿಲಲ್ಲಿ ಕೆಟುರಾ ಅವರ ಮುಖವನ್ನು ನೋಡುತ್ತಾಳೆ. ಇವರೇ ಕಲಿಸಿದ ಹಾಗೆ, ಅವಸರವಿಲ್ಲದೆ. ಮಿಸ್ ವರ್ಡೆಲ್ ಆ ಹೂವಿನ ದಿಕ್ಕಿಗೆ ಮುಖ ಮಾಡಿದ್ದಾರೆ, ಅದು ಅವರಿಗೆ ಬಣ್ಣದ ಮಬ್ಬು ಮಾತ್ರ. ಕಿವಿ ಮಾತ್ರ ಹಿಂದಕ್ಕೇ ಇದೆ. ಮೆಟ್ಟಿಲ ಮೇಲೆ ಯಾರದೋ ಬೂಟಿನ ಸಪ್ಪಳ ಬಂದಾಗಲೆಲ್ಲ ಕತ್ತು ಒಂದಿಷ್ಟು ತಿರುಗುತ್ತದೆ. ಕೆಟುರಾ ತನ್ನ ಬಿಳಿ ಕೈಯನ್ನು ಅವರ ಮೊಣಕೈಗೆ ಕೊಡುತ್ತಾಳೆ. ಇಡೀ ಚರ್ಚು ಮುಂದಿನ ಸಾಲಿಗೆ ದಾರಿ ಬಿಟ್ಟು ಕಾಯುತ್ತಿದೆ.

ಅವಳು ಮುಂದಕ್ಕೆ ಹೋಗುವುದಿಲ್ಲ. ಬಾಗಿಲ ಪಕ್ಕದ ಕೊನೆಯ ಬೆಂಚಿಗೆ, ಅದರ ಅಂಚಿಗೆ, ಒಳಗೆ ಬರುವ ಪ್ರತಿ ಹೆಜ್ಜೆಯೂ ಕಿವಿಗೆ ಸಿಗುವ ಜಾಗಕ್ಕೆ ಅವರನ್ನು ಕರೆದೊಯ್ದು ಕೂರಿಸುತ್ತಾಳೆ. ಕೂರಿಸಿ, ಅಂಗೈಯಲ್ಲಿ ಒಂದು ಪೆಪ್ಪರ್‌ಮಿಂಟ್ ಒತ್ತಿ, ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಾಳೆ. ಎಡಗೈ ಬೆನ್ನ ಹಿಂದೆ, ಬಲಗೈ ಎದೆಯ ಮೇಲೆ.

ಎಲ್ಲರೂ ಡೀಕನ್ ಟೇಟ್ ಅವರನ್ನೇ ನೋಡುತ್ತಾರೆ. ಅವರು ಹೂವನ್ನು ನೋಡುತ್ತಾರೆ, ಹಿಂದಿನ ಬೆಂಚನ್ನು ನೋಡುತ್ತಾರೆ. ಅಲ್ಲಿ ವರ್ಡೆಲ್ ಪೆಟ್‌ವೇ ಕೈಚೀಲವನ್ನು ಮಡಿಲಲ್ಲಿಟ್ಟು, ಬಾಗಿಲಿನತ್ತ ಕಿವಿ ಕೊಟ್ಟು, ಹನ್ನೊಂದು ವರ್ಷದ ಹುಡುಗಿಯ ಹಾಗೆ ಕೂತಿದ್ದಾರೆ. ಡೀಕನ್ ಕೆಮ್ಮುವುದಿಲ್ಲ. ಬಗ್ಗಿ, ಹೂವಿನ ದೊಡ್ಡ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನಡುವಿನ ಹಾದಿಯಲ್ಲಿ ಹಿಂದಕ್ಕೆ ನಡೆಯುತ್ತಾರೆ. ಕೆಟುರಾಳ ಬಳಿ ಬಂದು ನಿಂತು, ಎಲ್ಲಿಡಬೇಕೆಂದು ಕಣ್ಣಲ್ಲೇ ಕೇಳುತ್ತಾರೆ. ಅವಳು ಒಂದು ಬೆರಳಿನಿಂದ ತೋರಿಸುತ್ತಾಳೆ. ಅವರು ಅಲ್ಲೇ ಇಡುತ್ತಾರೆ.

ಪ್ರಾರ್ಥನೆ ಮುಗಿದು ಊಟದ ಹಾಲಿನಲ್ಲಿ ಕರಿದ ಮೀನು, ಸೊಪ್ಪು, ಜೋಳದ ರೊಟ್ಟಿ ಬಡಿಸುವ ಗದ್ದಲ. ಬೆಳೆದ ಮಕ್ಕಳು ಒಬ್ಬೊಬ್ಬರಾಗಿ ಬಂದು ಮಿಸ್ ವರ್ಡೆಲ್ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಾರೆ. ಥ್ಯಾಂಕ್ಸ್ ಮದರ್ ಒಝೆಲಾಗೆ ಹೇಳಬೇಕು, ನಾನು ನಡುವೆ ಬಾಗಿಲು ಹಿಡಿದುಕೊಂಡಿದ್ದವಳು ಅಷ್ಟೆ ಎಂದು ಅವರು ಎಲ್ಲರನ್ನೂ ಊಟಕ್ಕೆ ಅಟ್ಟುತ್ತಾರೆ. ಬೆಳಗ್ಗೆ ಮೇಜಿನ ಮೇಲೆ ಮಡಿಸಿಟ್ಟಿದ್ದ ಆ ಕೈಗವಸುಗಳ ಜೋಡಿ ಅವರ ಕೈಚೀಲದಿಂದ ಹೊರಬಂದು ಕೆಟುರಾಳ ಮಡಿಲು ಸೇರಿದೆ. ಕೆಟುರಾ ಈಗ ಒಂದು ವಾರದ ಮಾತನ್ನು ಒಟ್ಟಿಗೆ ಆಡುತ್ತಿದ್ದಾಳೆ. ತಟ್ಟೆ ಮಾತ್ರ ಇನ್ನೂ ಖಾಲಿ. ಚಿಕ್ಕ ಮಕ್ಕಳ ಸಾಲು ಮುಗಿದಿಲ್ಲ.

ಬಾಯಲ್ಲಿದ್ದ ಪೆಪ್ಪರ್‌ಮಿಂಟ್ ಪೂರ್ತಿ ಕರಗಿದ ಮೇಲೆ ಮಿಸ್ ವರ್ಡೆಲ್ ಕೆಟುರಾಳ ದನಿ ಬಂದ ಕಡೆಗೆ ಮುಖ ಮಾಡುತ್ತಾರೆ.

“ಕೂತೆ, ಸುಖವಾಗಿತ್ತು” ಎನ್ನುತ್ತಾರೆ. “ಆ ಕೊನೇ ಬೆಂಚಿಗೆ ಕರ್ಕೊಂಡು ಹೋದ್ಳಲ್ಲ, ಅದನ್ನ ಅವಳಿಗೆ ನಾನು ಕಲಿಸಿದ್ದಲ್ಲ.”